ಮೊದಲು ಕೇಳಬೇಕಾದ್ದು: ಮನೆ ಯಾರ ಹೆಸರಲ್ಲಿದೆ?

31 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು ನಾನು. ಸಾಗರ, ತೀರ್ಥಹಳ್ಳಿ ಕಡೆಯ ಶಾಖೆಗಳಲ್ಲೇ ಹೆಚ್ಚು ಕಾಲ ಕಳೆದೆ. ಇಂಗ್ಲಿಷ್ ಕಾದಂಬರಿ ಓದುವ ಗೀಳು ಹತ್ತಿದ್ದು ನಿವೃತ್ತಿಯಾದ ಮೇಲೆ. ಈಗ ಪ್ರತಿ ಶುಕ್ರವಾರ ಸಂಜೆ ನಮ್ಮ ಬೀದಿಯ ನಾಲ್ಕು ಜನ ಹೆಂಗಸರು ನಮ್ಮ ಮನೆ ಜಗಲಿಯಲ್ಲಿ ಸೇರಿ ಹತ್ತೊಂಬತ್ತನೇ ಶತಮಾನದ ಅಮೆರಿಕದ ಕಥೆಗಳನ್ನು ಓದುತ್ತೇವೆ. ಹೆಣ್ಣಿನ ಸ್ವಾತಂತ್ರ್ಯ ಮತ್ತು ಮದುವೆ, ಇವೆರಡರ ನಡುವಿನ ಹಗ್ಗಜಗ್ಗಾಟವನ್ನು ಅಷ್ಟು ಹತ್ತಿರದಿಂದ ನೋಡಿ ಬರೆದ ಇನ್ನೊಂದು ಸಾಹಿತ್ಯ ನನಗೆ ಸಿಕ್ಕಿಲ್ಲ. ಎಲ್ಲಿಂದ ಶುರುಮಾಡಬೇಕು, ಹೇಗೆ ಓದಬೇಕು ಅಂತ ಕೇಳುವವರಿಗಾಗಿ ನಮ್ಮ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ನೋಟ್‌ಬುಕ್ ತಗೊಳ್ಳಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ದುಡ್ಡು, ಆಸ್ತಿಯ ಸಂಗತಿ: ಮನೆ ಯಾರದು, ದುಡಿದವರು ಯಾರು, ಬಂದ ಹಣ ಯಾರ ಕೈ ಸೇರಿತು. ಬಲಗಡೆ ಕಥೆಯ ಹೆಣ್ಣು ಬಾಯಿಬಿಟ್ಟು ಆಡಿದ ಮಾತು, ಅದೂ ಒಂದೋ ಎರಡೋ. ಪ್ರೀತಿ, ವಿರಹ, ಕಣ್ಣೀರು ಬರೆದಿಟ್ಟುಕೊಳ್ಳುವುದು ಬೇಡ, ಅವು ತಾವಾಗಿಯೇ ನೆನಪಿರುತ್ತವೆ. ಮರೆತುಹೋಗುವುದು ಲೆಕ್ಕ. ಈ ಲೇಖಕಿಯರು ಲೆಕ್ಕವನ್ನು ಬಹಳ ಜೋಪಾನವಾಗಿ ಬರೆದಿದ್ದಾರೆ, ಯಾಕೆಂದರೆ ಬಹುಪಾಲು ಜನ ಅದೇ ಬರವಣಿಗೆಯಿಂದ ಮನೆ ನಡೆಸಿದವರು.

ಮೊದಲ ಪುಟದಲ್ಲಿ ಕಾನೂನು ಬರೆದುಕೊಳ್ಳಿ, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಪದ್ಧತಿಯಲ್ಲಿ ಮದುವೆಯಾದ ಕ್ಷಣವೇ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬರೇ ಆಗುತ್ತಿದ್ದರು, ಮತ್ತು ಆ ಒಬ್ಬರು ಅಂದರೆ ಗಂಡ. ಇದಕ್ಕೆ ಕವರ್ಚರ್ ಅಂತ ಹೆಸರು. ಅವಳ ಕೂಲಿ ಅವನದು, ತವರಿನಿಂದ ತಂದ ಹಣ ಅವನದು, ಕರಾರಿಗೆ ಅವಳ ಸಹಿ ನಡೆಯುತ್ತಿರಲಿಲ್ಲ. ಇದು ಸಡಿಲವಾದದ್ದು ಒಂದೊಂದು ರಾಜ್ಯದಲ್ಲಿ ಒಂದೊಂದು ಸಲ. 1839ರಲ್ಲಿ ಮಿಸಿಸಿಪಿ, 1848ರಲ್ಲಿ ನ್ಯೂಯಾರ್ಕ್, 1855ರಲ್ಲಿ ಮ್ಯಾಸಚೂಸೆಟ್ಸ್. ತಾನು ದುಡಿದ ಸಂಬಳ ತನ್ನದು ಅನ್ನುವ ಹಕ್ಕು ನ್ಯೂಯಾರ್ಕಿನ ಹೆಂಡತಿಗೆ ಸಿಕ್ಕಿದ್ದು 1860ರಲ್ಲಿ. ಮಿಸಿಸಿಪಿಯ ಆ ಮೊದಲ ಕಾಯ್ದೆಯ ಬಹುಭಾಗ ಹೆಂಡತಿಯ ಹೆಸರಿನ ಗುಲಾಮರನ್ನು ಗಂಡನ ಸಾಲಗಾರರಿಂದ ಕಾಪಾಡುವುದರ ಬಗ್ಗೆಯೇ ಇತ್ತು. ಇದನ್ನೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲಿಗೆ ಮೇರಿ ವಿಲ್ಕಿನ್ಸ್ ಫ್ರೀಮನ್ ಬರೆದ 'ದಿ ರಿವೋಲ್ಟ್ ಆಫ್ ಮದರ್' ಓದಿ. 1890ರ ಸಣ್ಣಕಥೆ, ಒಂದೇ ಸಂಜೆಗೆ ಮುಗಿಯುತ್ತದೆ. ಸಾರಾ ಪೆನ್ ಮತ್ತು ಅಡೊನೈರಮ್ ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಮೂಲೆಯ ರೈತ ದಂಪತಿ. ಒಬ್ಬರನ್ನೊಬ್ಬರು ಕರೆಯುವುದು 'ಫಾದರ್', 'ಮದರ್' ಅಂತ. ನಮ್ಮ ಅತ್ತೆ ಮಾವನನ್ನು ಹೆಸರು ಹಿಡಿಯದೆ "ಇವರಪ್ಪ" ಅನ್ನುತ್ತಿದ್ದರಲ್ಲ, ಹಾಗೆ. ನಮ್ಮ ಗುಂಪಿನವರು ಕಥೆಯೊಳಗೆ ಕಾಲಿಟ್ಟಿದ್ದೇ ಆ ಬಾಗಿಲಿನಿಂದ. ಅಲ್ಲಿ ಹೊಲದಲ್ಲಿ ಆ ಗಂಡಸರು ಏನು ಅಗೆಯುತ್ತಿದ್ದಾರೆ ಅಂತ ಹೆಂಡತಿ ಕೇಳುತ್ತಾಳೆ. ಗಂಡ ಬಾಯಿಬಿಡುವುದಿಲ್ಲ, ಒಳಗೆ ಹೋಗಿ ನಿನ್ನ ಕೆಲಸ ನೋಡಿಕೋ ಅನ್ನುತ್ತಾನೆ. ಕೊನೆಗೆ ತಿಳಿಯುವುದು, ಅದು ಹೊಸ ಕೊಟ್ಟಿಗೆಯ ಪಾಯ. 40 ವರ್ಷದ ಹಿಂದೆ ಮದುವೆಯಾದಾಗ ಅದೇ ಜಾಗದಲ್ಲಿ ಮನೆ ಕಟ್ಟಿಸಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದವನು. ಕೊಟ್ಟಿಗೆಯ ಸುದ್ದಿ ಮಗನಿಗೆ ಮೊದಲೇ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಇಲ್ಲಿ ನಿಧಾನಿಸಿ. ಅವಳು ಗಂಡನನ್ನು ಒಳಗೆ ಕರೆದು ಕೂರಿಸಿ ಇಕ್ಕಟ್ಟಾದ ಕೋಣೆ, ಕೊಳೆಯಾದ ಗೋಡೆಕಾಗದ, ಮಗಳ ಮದುವೆಗೆ ಸಾಲದ ಜಾಗ, ಒಂದೊಂದನ್ನೇ ತೋರಿಸುತ್ತಾಳೆ. ಅವನದು ಒಂದೇ ಉತ್ತರ: ನನಗೆ ಹೇಳುವುದು ಏನೂ ಇಲ್ಲ. ಇದರ ನಡುವೆಯೂ ಅವಳು ಅವನಿಗಿಷ್ಟದ ಕಡುಬು ಬೇಯಿಸುತ್ತಾಳೆ, ಅವನ ಅಂಗಿ ಹೊಲಿಯುತ್ತಾಳೆ. ಇದನ್ನು ಓದಿದಾಗ ನಮ್ಮಲ್ಲಿ ಒಬ್ಬರು ಸಿಟ್ಟಿನಿಂದ ಪುಸ್ತಕ ಮಡಚಿಟ್ಟರು. ಸಹನೆಯನ್ನು ಶರಣಾಗತಿ ಅಂತ ಓದಿಬಿಟ್ಟರೆ ಕಥೆ ಕೈ ತಪ್ಪುತ್ತದೆ. ಕೊಟ್ಟಿಗೆ ಮುಗಿಯುವ ಹೊತ್ತಿಗೆ ಗಂಡ ಕುದುರೆ ಕೊಳ್ಳಲು ಊರು ಬಿಡುತ್ತಾನೆ. ಅಂದೇ ಸಂಜೆ ಐದು ಗಂಟೆಯೊಳಗೆ ಸಾರಾ ಪಾತ್ರೆ, ಹಾಸಿಗೆ, ಒಲೆ ಸಮೇತ ಸಂಸಾರವನ್ನು ಕೊಟ್ಟಿಗೆಗೆ ಸಾಗಿಸಿ ಆಗಿರುತ್ತದೆ. ದನ ಕಟ್ಟುವ ಗೂಡುಗಳು ಮಲಗುವ ಕೋಣೆಗಳಾಗುತ್ತವೆ. ಪಾದ್ರಿ ಬುದ್ಧಿ ಹೇಳಲು ಬಂದಾಗ ಅವಳು ಬಟಾಣಿ ಸುಲಿಯುತ್ತಾ, ಎಲ್ಲಾ ಯೋಚಿಸಿದ್ದೇನೆ, ಸರಿಯಾದದ್ದನ್ನೇ ಮಾಡುತ್ತಿದ್ದೇನೆ ಅಂತ ಉತ್ತರ ಕೊಟ್ಟು ಕಳಿಸುತ್ತಾಳೆ. ವಾಪಸು ಬಂದ ಗಂಡ ಊಟ ಮುಗಿಸಿ ಹೊಸ್ತಿಲಲ್ಲಿ ಕೂತು ಅಳುತ್ತಾನೆ. ನಿನಗೆ ಇದು ಇಷ್ಟು ಮುಖ್ಯ ಅಂತ ನನಗೆ ಗೊತ್ತೇ ಇರಲಿಲ್ಲ ಅನ್ನುತ್ತಾನೆ.

ಈ ಪುಟ ಓದಿದ ಮೇಲೆ ನೋಟ್‌ಬುಕ್ಕಿನ ಎಡಗಡೆ ಏನು ಬರೆದಿರಿ ನೋಡಿ. ಆಸ್ತಿ ಇನ್ನೂ ಅವನ ಹೆಸರಲ್ಲೇ ಇದೆ. ಹೆಸರು ಬದಲಾಗದೆ ಗೋಡೆಗಳ ಉಪಯೋಗ ಮಾತ್ರ ಬದಲಾಯಿತು. ಇದು ಗೆಲುವೋ ಅಲ್ಲವೋ ಅಂತ ನಾವು ಎರಡು ಶುಕ್ರವಾರ ವಾದ ಮಾಡಿದೆವು. ಫ್ರೀಮನ್ ಅವರೇ 1917ರಲ್ಲಿ, ನ್ಯೂ ಇಂಗ್ಲೆಂಡಿನಲ್ಲಿ ಅಂಥ ಹೆಂಗಸು ಇರಲೇ ಇಲ್ಲ ಅಂತ ತಮ್ಮ ಕಥೆಯಿಂದ ದೂರ ಸರಿದರು. ನಾನು ಕಥೆಯ ಪಕ್ಷ. ಮಾತು ಓಡದ ಜಾಗದಲ್ಲಿ ಒಲೆ ಹೊತ್ತುಕೊಂಡು ನಡೆದ ಹೆಂಗಸರನ್ನು ನಾನೂ ಕಂಡಿದ್ದೇನೆ.

ಭಾಷೆಗೆ ಹೆದರಬೇಡಿ. ಸಾರಾಳ ಮಾತು ಹಳ್ಳಿಯ ಇಂಗ್ಲಿಷು, ಕಾಗುಣಿತ ವಿಚಿತ್ರವಾಗಿ ಕಾಣುತ್ತದೆ. ಗಟ್ಟಿಯಾಗಿ ಓದಿದರೆ ಕಿವಿಗೆ ತಾನಾಗಿ ತಿಳಿಯುತ್ತದೆ. ಇವೆಲ್ಲ ಹಕ್ಕುಸ್ವಾಮ್ಯ ಮುಗಿದ ಬರಹಗಳು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಇಂಟರ್ನೆಟ್ ಪುಸ್ತಕ ಭಂಡಾರದಲ್ಲಿ ಬಿಟ್ಟಿ ಸಿಗುತ್ತವೆ. ನಾವು ದೊಡ್ಡಕ್ಷರದಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತೇವೆ.

ಎರಡನೆಯದು ಫ್ಯಾನಿ ಫರ್ನ್ ಅವರ 'ರೂತ್ ಹಾಲ್', 1854ರ ಕೊನೆಗೆ ಬಂದ ಕಾದಂಬರಿ. ಸುಖವಾದ ಮದುವೆಯೇ ಮೊದಲ ಭಾಗ. ಗಂಡ ತೀರಿಕೊಂಡ ಮೇಲೆ ಅತ್ತೆ ಮಾವ, ತವರಿನ ಅಪ್ಪ ಇಬ್ಬರೂ ಕೈ ಬಿಗಿಹಿಡಿಯುತ್ತಾರೆ. ಪತ್ರಿಕೆಯ ಸಂಪಾದಕನಾಗಿದ್ದ ಅಣ್ಣ, ನಿನಗೆ ಬರೆಯಲು ಬಾರದು, ಯಾರ ಕಣ್ಣಿಗೂ ಬೀಳದ ಕೆಲಸ ಏನಾದರೂ ನೋಡಿಕೋ ಅಂತ ಕಾಗದ ಬರೆಯುತ್ತಾನೆ. ಅವಳು ಬರೆಯುತ್ತಾಳೆ, ಓದುಗರು ಮುಗಿಬೀಳುತ್ತಾರೆ, ಪುಸ್ತಕದ ಹಕ್ಕನ್ನು ಒಂದೇ ಮೊತ್ತಕ್ಕೆ ಮಾರಿಬಿಡದೆ ಉಳಿಸಿಕೊಳ್ಳುತ್ತಾಳೆ. ಇದರ ಹಿಂದೆ ಲೇಖಕಿಯದೇ ಬದುಕಿದೆ. ಅವರು ವಿಧವೆಯಾದವರು, ಎರಡನೆಯ ಮದುವೆ ಮುರಿದುಕೊಂಡವರು, 1856ರಲ್ಲಿ ಮೂರನೆಯ ಸಲ ಮದುವೆಯಾಗುವಾಗ ತನ್ನ ಸಂಪಾದನೆ ತನ್ನದೇ ಅಂತ ಮೊದಲೇ ಕರಾರು ಬರೆಸಿಕೊಂಡವರು.

ಕೊನೆಯ ಭಾಗಕ್ಕೆ ಬಂದಾಗ ಒಂದು ಪುಟ ನೋಡಿ ನಾನು ಎದ್ದು ಕೂತೆ. ಕಾದಂಬರಿಯ ನಡುವೆ ಬ್ಯಾಂಕಿನ ಶೇರು ಸರ್ಟಿಫಿಕೇಟನ್ನೇ ಅಚ್ಚು ಹಾಕಿದ್ದಾರೆ. ಸೆಟನ್ ಬ್ಯಾಂಕ್, 100 ಶೇರು, ಮಿಸೆಸ್ ರೂತ್ ಹಾಲ್ ಹೆಸರಿನಲ್ಲಿ. ಅಂಥ ಕಾಗದಗಳನ್ನು ಸಾವಿರಗಟ್ಟಲೆ ಕೈಯಾಡಿಸಿದವಳು ನಾನು. ಒಂದಾದರೂ ಕಥೆಯ ಕೊನೆಯಲ್ಲಿ ತಾಳಿಯ ಜಾಗದಲ್ಲಿ ಬಂದು ಕೂರುತ್ತದೆ ಅಂತ ಅಂದುಕೊಂಡಿರಲಿಲ್ಲ. ಪುಸ್ತಕ ಮುಗಿಯುವಾಗ ರೂತ್‌ಗೆ ಮರುಮದುವೆ ಇಲ್ಲ. ಕೊನೆಯ ಅಧ್ಯಾಯಗಳನ್ನು ತಪ್ಪದೆ ಎರಡು ಸಲ ಓದಿ. ಮದುವೆಯಲ್ಲಿ ಮುಗಿಯಬೇಕು ಅನ್ನುವ ವಾಡಿಕೆಯನ್ನು ಲೇಖಕಿ ಎಲ್ಲಿ ಮುರಿದರು, ಎಲ್ಲಿ ಒಪ್ಪಿಕೊಂಡರು ಅನ್ನುವುದು ಅಲ್ಲೇ ಕಾಣುವುದು.

ಈ ಕಣ್ಣಿನಿಂದಲೇ 'ಲಿಟ್ಲ್ ವಿಮೆನ್' ಓದಿ. ಮೊದಲ ಭಾಗ 1868ರಲ್ಲಿ ಬಂತು. ಕಥೆಯ ನಾಲ್ವರು ಅಕ್ಕತಂಗಿಯರು ಮುಂದೆ ಯಾರನ್ನು ಮದುವೆಯಾಗುತ್ತಾರೆ ಅಂತ ಓದುಗರ ಕಾಗದಗಳು ಬರತೊಡಗಿದವು. ಹೆಣ್ಣಿನ ಬದುಕಿಗೆ ಅದೊಂದೇ ಗುರಿಯೋ ಅನ್ನುವ ಹಾಗೆ ಕೇಳುತ್ತಾರೆ ಅಂತ ಲೂಯಿಸಾ ಮೇ ಆಲ್ಕಾಟ್ ದಿನಚರಿಯಲ್ಲಿ ಬೇಸರಪಟ್ಟರು. ಅವರಲ್ಲಿ ಎರಡನೆಯವಳಾದ ಜೋ ಬರಹಗಾರ್ತಿಯಾಗಿ ಒಂಟಿಯಾಗಿಯೇ ಇರಬೇಕಿತ್ತು ಅನ್ನುವುದು ಆಲ್ಕಾಟ್ ಅವರ ಇಚ್ಛೆ. ಓದುಗರು ಬಿಡಲಿಲ್ಲ, ಲೇಖಕಿಯೂ ಹಟಕ್ಕೆ ಬಿದ್ದು ಅವಳನ್ನು ಪ್ರೊಫೆಸರ್ ಬೇರ್‌ಗೆ ಕೊಟ್ಟು ಮದುವೆ ಮಾಡಿದರು. ಆದರೆ ನೋಟ್‌ಬುಕ್ ತೆರೆದಿಟ್ಟು ಓದಿದವರಿಗೆ ಇನ್ನೊಂದು ಕಾಣುತ್ತದೆ. ಮದುವೆ ನಿಶ್ಚಯವಾಗಿ ಇಬ್ಬರೂ ಕಾಯುತ್ತಿರುವಾಗಲೇ ಹಣವಂತೆ ಅತ್ತೆ ಆಂಟ್ ಮಾರ್ಚ್ ತೀರಿಕೊಂಡು ಪ್ಲಮ್‌ಫೀಲ್ಡ್ ಎಸ್ಟೇಟನ್ನು ಜೋ ಹೆಸರಿಗೆ ಬಿಟ್ಟುಹೋಗುತ್ತಾಳೆ. ಮದುವೆ ಆಮೇಲೆ. ಗಂಡ ಹೆಂಡತಿ ಸೇರಿ ತೆರೆಯುವ ಶಾಲೆ ನಡೆಯುವುದು ಜೋ ಹೆಸರಿನ ಆಸ್ತಿಯಲ್ಲಿ. ಅಕ್ಕ ಮೆಗ್‌ಳ ಅಧ್ಯಾಯವನ್ನೂ ಹಾರಿಸಬೇಡಿ: 50 ಡಾಲರಿನ ರೇಷ್ಮೆ ಬಟ್ಟೆ ಕೊಂಡುಬಿಟ್ಟಿರುತ್ತಾಳೆ, ಗಂಡ ತನಗೆ ಹೇಳಿಸಿದ್ದ ಚಳಿಕೋಟನ್ನು ಬೇಡವೆನ್ನುತ್ತಾನೆ, ಅವಳು ಗೆಳತಿಯ ಮುಂದೆ ಮಾನ ಬಿಟ್ಟು ಆ ಬಟ್ಟೆ ಮಾರಿ ಕೋಟು ತರಿಸುತ್ತಾಳೆ. ಸಂಸಾರದ ಬಗ್ಗೆ ಆ ಕಾದಂಬರಿಯ ಅತ್ಯಂತ ನಿಜವಾದ ಪುಟಗಳು ಅವು.

ಕೇಟ್ ಶೋಪ್ಯಾನ್ ಅವರ 'ದಿ ಅವೇಕನಿಂಗ್' 1899ರದು, ಇಷ್ಟೆಲ್ಲ ಆದ ಮೇಲೆ ಓದಬೇಕಾದ್ದು. ಆರಂಭದಲ್ಲೇ ಒಂದು ಸಣ್ಣ ದೃಶ್ಯ. ಈಜಿ ಬಂದ ಎಡ್ನಾ ಬಿಸಿಲಿಗೆ ಕಪ್ಪಾದ ಕೈಗಳನ್ನು ನೋಡಿಕೊಳ್ಳುತ್ತಾಳೆ. ಗಂಡ ಆಗಷ್ಟೇ ಅವಳನ್ನು ನೋಡಿದ್ದು ಸ್ವಲ್ಪ ಹಾಳಾದ ಬೆಲೆಬಾಳುವ ಸ್ವತ್ತನ್ನು ನೋಡುವ ಹಾಗೆ. ಅವಳು ಮಾತಿಲ್ಲದೆ ಕೈ ಚಾಚುತ್ತಾಳೆ, ಅವನು ಜೇಬಿನಿಂದ ಅವಳ ಉಂಗುರಗಳನ್ನು ತೆಗೆದು ಅಂಗೈಗೆ ಹಾಕುತ್ತಾನೆ. ನನ್ನ ಕೌಂಟರಿಗೆ ತಿಂಗಳಿಗೊಮ್ಮೆ ಒಬ್ಬಾಕೆ ಬರುತ್ತಿದ್ದರು, ಅಂಗನವಾಡಿಯಲ್ಲಿ ಕೆಲಸ. ಖಾತೆ ಆಕೆಯದು, ಪಾಸ್‌ಬುಕ್ ಮಾತ್ರ ಪಕ್ಕದಲ್ಲಿ ನಿಂತ ಗಂಡನ ಅಂಗಿ ಜೇಬಿನಲ್ಲಿ. ನಾನು ಕೇಳಿದಾಗ ಆಕೆ ಹೀಗೇ ಕೈ ಚಾಚುತ್ತಿದ್ದರು. ಉಂಗುರದ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದೆ ಎಡ್ನಾ ಬೇರೆ ಸಣ್ಣ ಮನೆ ಹಿಡಿಯುವಾಗ ಎಡಗಡೆಯ ಲೆಕ್ಕ ಪೂರ್ತಿ ತುಂಬಿಕೊಳ್ಳಿ: ತಾಯಿಯ ಆಸ್ತಿಯಿಂದ ಬಂದ ಚೂರುಪಾರು, ಕುದುರೆ ರೇಸಿನಲ್ಲಿ ಗೆದ್ದದ್ದು, ಚಿತ್ರ ಮಾರಿ ಬಂದದ್ದು. ಗಂಡ ಮಾಡುವುದೇನು? ತನ್ನ ವ್ಯವಹಾರ ಕುಸಿದಿದೆ ಅಂತ ಜನ ತಿಳಿದಾರು ಎಂಬ ಭಯಕ್ಕೆ, ಮನೆ ರಿಪೇರಿ ನಡೆಯುತ್ತಿದೆ ಅಂತ ಪತ್ರಿಕೆಯಲ್ಲಿ ಹಾಕಿಸುತ್ತಾನೆ. ಶೋಪ್ಯಾನ್ ಅವರ 'ದಿ ಸ್ಟೋರಿ ಆಫ್ ಆ್ಯನ್ ಅವರ್' ಕಥೆಯಿಂದ ಶುರುಮಾಡಿ ಅಂತ ಹಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದರ ಕೊನೆಯ ತಿರುವು ಎಷ್ಟು ಜೋರಾಗಿದೆ ಅಂದರೆ ಮೊದಲು ಓದಿದರೆ ಎಲ್ಲ ಕಥೆಯಲ್ಲೂ ತಿರುವನ್ನೇ ಹುಡುಕುವಂತಾಗುತ್ತದೆ.

ಮದುವೆಯೇ ಸಿಗದಿದ್ದವರನ್ನು ಬಿಟ್ಟು ಓದಿದರೆ ಈ ಓದು ಕುರುಡು. ಗುಲಾಮಗಿರಿಯಲ್ಲಿದ್ದ ಹೆಣ್ಣಿಗೆ ಕಾನೂನುಬದ್ಧ ಮದುವೆಯೇ ಇರಲಿಲ್ಲ. ಅವಳೇ ಇನ್ನೊಬ್ಬ ಹೆಂಗಸಿನ ಆಸ್ತಿಯಾಗಿರಬಹುದಿತ್ತು, ಮಿಸಿಸಿಪಿ ಕಾಯ್ದೆ ನೆನಪಿಸಿಕೊಳ್ಳಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಅಚ್ಚಾದ ತಮ್ಮ ಆತ್ಮಕಥೆಯ ಕೊನೆಯಲ್ಲಿ, ನನ್ನ ಕಥೆ ಎಲ್ಲರ ಹಾಗೆ ಮದುವೆಯಲ್ಲಿ ಮುಗಿಯದೆ ಬಿಡುಗಡೆಯಲ್ಲಿ ಮುಗಿಯುತ್ತದೆ ಅಂತ ಓದುಗರಿಗೆ ಹೇಳುತ್ತಾರೆ. ಅದು ಕಾದಂಬರಿಯಲ್ಲ, ಆದರೂ ಕಾದಂಬರಿಗಳ ಪಕ್ಕದಲ್ಲೇ ಇಟ್ಟುಕೊಳ್ಳಿ. ಜೊತೆಗೆ ಫ್ರಾನ್ಸಿಸ್ ಹಾರ್ಪರ್ ಅವರ 'ಐಯೊಲಾ ಲೆರಾಯ್', 1892ರದು. ಬಿಳಿಯ ಡಾಕ್ಟರನ ಕೈಹಿಡಿದು ನೆಮ್ಮದಿಯಾಗಿರಬಹುದಾದ ಐಯೊಲಾ ಅವನನ್ನು ನಿರಾಕರಿಸುತ್ತಾಳೆ, ತನ್ನ ಕಪ್ಪು ಜನರ ನಡುವೆ ದುಡಿಯುವ ಬದುಕು ಆರಿಸಿಕೊಳ್ಳುತ್ತಾಳೆ.

ನನ್ನ ಲೆಕ್ಕದ ಪುಸ್ತಕ ಎಲ್ಲ ಕಡೆ ನಡೆಯುವುದಿಲ್ಲ. ಹೆನ್ರಿ ಜೇಮ್ಸ್ ಅವರ 'ದಿ ಪೋರ್ಟ್ರೇಟ್ ಆಫ್ ಎ ಲೇಡಿ' 1881ರದು. ಅದರಲ್ಲಿ ಇಸಬೆಲ್ ಸ್ವತಂತ್ರಳಾಗಿರಲಿ ಅಂತಲೇ ಅವಳಿಗೆ ಆಸ್ತಿ ಬರುವಂತೆ ಮಾಡುತ್ತಾರೆ, ಆ ಆಸ್ತಿಯೇ ಆಸ್ಮಂಡ್‌ನಂಥ ಗಂಡನನ್ನು ಎಳೆದು ತರುತ್ತದೆ. ಮೊದಲ ಓದಿಗೆ, ಕೊನೆಯಲ್ಲಿ ಅವಳು ಗಂಡನಿರುವ ರೋಮಿಗೆ ವಾಪಸು ಹೋದದ್ದು ಹೇಡಿತನ ಅಂತ ಬರೆದಿಟ್ಟಿದ್ದೆ. 42ನೇ ಅಧ್ಯಾಯದಲ್ಲಿ ಅವಳು ರಾತ್ರಿಯಿಡೀ ಬೆಂಕಿಯ ಮುಂದೆ ಒಬ್ಬಳೇ ಕೂತು ತನ್ನ ಮದುವೆಯನ್ನು ಯೋಚಿಸುವುದನ್ನು ಇನ್ನೊಮ್ಮೆ ಓದಿ ಆ ಸಾಲು ಹೊಡೆದುಹಾಕಿದೆ. ಬದಲಿಗೆ ಏನು ಬರೆಯಬೇಕೋ ಇನ್ನೂ ತೋಚಿಲ್ಲ, ಆ ಜಾಗ ಖಾಲಿ ಇದೆ.

ಕೊನೆಗೆ ಮತ್ತೆ ಫ್ರೀಮನ್, 'ಎ ನ್ಯೂ ಇಂಗ್ಲೆಂಡ್ ನನ್'. ಹದಿನಾಲ್ಕು ವರ್ಷ ಆಸ್ಟ್ರೇಲಿಯಾದಲ್ಲಿ ದುಡಿದು ಬಂದ ಜೋ ಡ್ಯಾಗೆಟ್‌ನನ್ನು ಲೂಯಿಸಾ ಎಲಿಸ್ ಕಾದಿದ್ದಾಳೆ. ಅವನು ಬಂದು ಮೇಜಿನ ಮೇಲಿನ ಪುಸ್ತಕಗಳ ಜಾಗ ಅದಲುಬದಲು ಮಾಡುತ್ತಾನೆ, ಹೊಲಿಗೆ ಬುಟ್ಟಿ ಬೀಳಿಸುತ್ತಾನೆ. ಅವನ ಮನಸ್ಸು ಬೇರೊಬ್ಬಳ ಮೇಲಿರುವುದು ಬೆಳದಿಂಗಳಲ್ಲಿ ಆಕಸ್ಮಿಕವಾಗಿ ಅವಳ ಕಿವಿಗೆ ಬೀಳುತ್ತದೆ. ಆ ಹುಡುಗಿಯ ಹೆಸರೆತ್ತದೆ ಅವನನ್ನು ಬಿಡುಗಡೆ ಮಾಡುತ್ತಾಳೆ. ಲೂಯಿಸಾ ಬೇರೆ ಬೇರೆ ಕೆಲಸಕ್ಕೆ ಒಂದರ ಮೇಲೊಂದು ಮೂರು ಏಪ್ರನ್ ಕಟ್ಟಿಕೊಳ್ಳುವವಳು, ದಿನವೂ ಒಳ್ಳೆಯ ಪಿಂಗಾಣಿಯಲ್ಲೇ ಉಣ್ಣುವವಳು. ನಮ್ಮ ಗುಂಪಿನ ಅತಿ ಹಿರಿಯರಿಗೆ 74 ವರ್ಷ, ಮದುವೆಯಾಗದೆ ಉಳಿದ ಟೀಚರು. ಇದನ್ನು ಅವರೇ ಗಟ್ಟಿಯಾಗಿ ಓದಲಿ ಅಂತ ನಾವು ಬಿಟ್ಟೆವು. ಪಿಂಗಾಣಿಯ ಸಾಲಿಗೆ ಬಂದಾಗ ನಿಲ್ಲಿಸಿ, ಒಳಗೆ ಹೋಗಿ, ನಮ್ಮನೆಯ ಶೋಕೇಸಿನಲ್ಲಿ ಇಟ್ಟಿದ್ದ ಕಪ್ಪುಗಳನ್ನು ತೆಗೆದು ತೊಳೆದು ತಂದರು. ಅವತ್ತಿನ ಕಾಫಿ ಅದರಲ್ಲೇ ಕುಡಿದೆವು.