ಬ್ರಿಟನ್ ಪೇಸ್ಲಿಪ್‌ನಲ್ಲಿ ಎನ್‌ಐ ಎಷ್ಟು ಹಿಡಿಯಬೇಕು? ನೀವೇ ಲೆಕ್ಕ ಹಾಕಿ

ಬ್ರಿಟನ್‌ನಲ್ಲಿ ಕೆಲಸಕ್ಕೆ ಸೇರಿದ ನಮ್ಮವರು ಪೇಸ್ಲಿಪ್‌ನ ಎನ್‌ಐ ಸಾಲನ್ನು ಓದುವುದೇ ಇಲ್ಲ. ಓದಿದವರೂ ಲೆಕ್ಕ ತಪ್ಪುತ್ತಾರೆ. ಎನ್‌ಐ ಅಂದರೆ ನ್ಯಾಷನಲ್ ಇನ್ಶೂರೆನ್ಸ್, ದುಡಿಮೆಯಿಂದ ಸರ್ಕಾರಕ್ಕೆ ಕಟ್ಟುವ ವಂತಿಗೆ. ಇದು ನಮ್ಮ ಪಿಎಫ್ ಅಲ್ಲ. ನಿಮ್ಮ ಹೆಸರಲ್ಲಿ ದುಡ್ಡು ಕೂಡುವುದಿಲ್ಲ, ವರ್ಷಗಳು ಕೂಡುತ್ತವೆ. ಸರ್ಕಾರಿ ಪಿಂಚಣಿ ಸಿಗಲು ಸಾಮಾನ್ಯವಾಗಿ 10 ವರ್ಷವಾದರೂ ಬೇಕು, ಪೂರ್ತಿ ಸಿಗಲು 35. ಕೆಳಗಿನ ಅಂಕಿಗಳು 2025-26ರವು.

ಹಂತ 1: ಪೇಸ್ಲಿಪ್‌ನಲ್ಲಿ ಎನ್‌ಐ ಅಕ್ಷರ ಹುಡುಕಿ. ಹೆಚ್ಚಿನವರದು 'ಎ'. 21 ತುಂಬದವರದು 'ಎಂ'. ಇವರಿಗೂ ಕಡಿತ ಅಷ್ಟೇ, ಉಳಿತಾಯವಾಗುವುದು ತಮ್ಮ ಪಾಲಿನ ಎನ್‌ಐ ಬೇರೆಯಾಗಿ ಕಟ್ಟುವ ಮಾಲೀಕರಿಗೆ. ಪಿಂಚಣಿ ವಯಸ್ಸು ದಾಟಿದವರದು 'ಸಿ', ಅವರ ಸಂಬಳದಲ್ಲಿ ಏನೂ ಹಿಡಿಯುವ ಹಾಗಿಲ್ಲ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ಆದಾಯ ತೆರಿಗೆಯ ಹಾಗೆ ವರ್ಷದ ಲೆಕ್ಕ ಹಾಕಬೇಡಿ. ನೌಕರರ ಎನ್‌ಐ ಆಯಾ ಸಂಬಳಕ್ಕೆ ಅಲ್ಲಲ್ಲೇ ಮುಗಿಯುತ್ತದೆ. ತಿಂಗಳ ಸಂಬಳವಾದರೆ ಮೊದಲ 1,048 ಪೌಂಡ್‌ಗೆ ಏನೂ ಇಲ್ಲ. ಅಲ್ಲಿಂದ 4,189ರವರೆಗೆ ಶೇ 8, ಅದರ ಮೇಲೆ ಶೇ 2. ಸಂಬಳ 3,000 ಇದ್ದರೆ ಉಳಿಯುವ 1,952ಕ್ಕೆ ಶೇ 8, ಅಂದರೆ 156.16 ಪೌಂಡ್. ಅದೇ ತಿಂಗಳು 2,500 ಬೋನಸ್ ಬಂತು ಅನ್ನಿ. ಶೇ 8ರ ಭಾಗ 251.28, ಶೇ 2ರ ಭಾಗ 26.22, ಒಟ್ಟು 277.50. ಮುಂದಿನ ತಿಂಗಳು ಮತ್ತೆ 156.16. ಕಂಪನಿ ತಪ್ಪು ಮಾಡಿದೆ ಅಂತ ಗಾಬರಿಯಾಗಬೇಡಿ. ವರ್ಷದ ಸಂಬಳ ಹಾಕಿದರೆ ಉತ್ತರ ಕೊಡುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಬೋನಸ್ ತಿಂಗಳಿಗೆ ಸುಮ್ನೆ ದಾರಿ ತಪ್ಪಿಸುತ್ತವೆ. ಕಾಗದ, ಪೆನ್ಸಿಲ್ಲೇ ವಾಸಿ. ಕಂಪನಿ ನಿರ್ದೇಶಕರಿಗೆ ಮಾತ್ರ ಲೆಕ್ಕ ವರ್ಷದ್ದು.

ಹಂತ 3: ಎರಡು ಕಡೆ ಕೆಲಸವೇ? ಮಾಲೀಕರು ಬೇರೆ ಬೇರೆಯಾದರೆ ಸಾಮಾನ್ಯವಾಗಿ ಲೆಕ್ಕವೂ ಬೇರೆ. ಎರಡೂ ಕಡೆ ತಿಂಗಳಿಗೆ 500 ಪೌಂಡ್ ಬಂದರೆ ಕಡಿತವೇ ಇಲ್ಲ. ಖುಷಿ ಅನ್ನಿಸುತ್ತದೆ, ಅಲ್ವಾ? ಆದರೆ ಒಂದೇ ಕೆಲಸದಲ್ಲಿ 542 ಮುಟ್ಟದಿದ್ದರೆ ಆ ದುಡಿಮೆ ಪಿಂಚಣಿ ಲೆಕ್ಕಕ್ಕೆ ಸೇರುವುದಿಲ್ಲ. ಅರೆಕಾಲಿಕ ಕೆಲಸ ಮಾಡುವ ಹೆಣ್ಣುಮಕ್ಕಳು ಹೀಗೆ ವರ್ಷಗಳನ್ನೇ ಕಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಆಗುವುದಾದರೆ ಒಂದೇ ಕಡೆ ಜಾಸ್ತಿ ಗಂಟೆ ಕೇಳಿ ಪಡೆಯಿರಿ.

ಹಂತ 4: ಟ್ಯಾಕ್ಸಿ, ಊಟದ ಡಬ್ಬಿಯಂಥ ಸ್ವಂತ ದುಡಿಮೆಯವರಿಗೆ ವರ್ಷದ ಲಾಭವೇ ಲೆಕ್ಕ. 12,570ರಿಂದ 50,270ರವರೆಗೆ ಶೇ 6, ಆಮೇಲೆ ಶೇ 2. ಲಾಭ 20,000 ಇದ್ದರೆ 445.80 ಪೌಂಡ್. ಸೆಲ್ಫ್ ಅಸೆಸ್‌ಮೆಂಟ್ (ಆದಾಯವನ್ನು ತಾವೇ ತೋರಿಸುವ ತೆರಿಗೆ ವಿವರ) ತುಂಬಿ ಜನವರಿ 31ರೊಳಗೆ ಕಟ್ಟಬೇಕು. ಲಾಭ 6,845ಕ್ಕಿಂತ ಕಡಿಮೆಯಾದರೆ ಏನೂ ಕಟ್ಟಬೇಕಿಲ್ಲ, ವರ್ಷವೂ ದಕ್ಕುವುದಿಲ್ಲ. ಅಂಥವರು ವಾರಕ್ಕೆ 3.50 ಪೌಂಡ್‌ನ ಕ್ಲಾಸ್ 2 (ಸ್ವಂತ ದುಡಿಮೆಯವರ ಒಂದು ಬಗೆಯ ಎನ್‌ಐ) ತಾವಾಗಿಯೇ ಕಟ್ಟಿಬಿಡಿ. 52 ವಾರಕ್ಕೆ 182 ಪೌಂಡ್, ಇಷ್ಟು ಅಗ್ಗಕ್ಕೆ ಪಿಂಚಣಿಯ ಒಂದು ವರ್ಷ ಬೇರೆಲ್ಲೂ ಸಿಗದು.

ಎನ್‌ಐ ನಂಬರ್ ಇನ್ನೂ ಮಾಡಿಸದಿದ್ದರೆ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಅದು ಉಚಿತ. ಶುಲ್ಕ ಕೇಳುವ ಜಾಲತಾಣವನ್ನು ಅಲ್ಲಿಗೇ ಮುಚ್ಚಿ.