ಸೋಫಾದ ಧೂಳು, ಎರಡು ಲೆಕ್ಕ

ಸೋಫಾದ ಫೋಮ್, ಟಿವಿಯ ಹಿಂಬದಿಯ ಪ್ಲಾಸ್ಟಿಕ್, ಕೆಲವು ಪರದೆ ಬಟ್ಟೆಗಳು ಬೇಗ ಹೊತ್ತಿಕೊಳ್ಳದಿರಲಿ ಅಂತ ತಯಾರಿಸುವಾಗಲೇ ಫ್ಲೇಮ್ ರಿಟಾರ್ಡೆಂಟ್ ಬೆರೆಸುತ್ತಾರೆ. ಅದರಿಂದ ಮನುಷ್ಯರಿಗೆ ಎಷ್ಟು ಅಪಾಯ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು "ಇದು ವಿಷಾನಾ?" ಅಂತ. ನನ್ನ ಮೊದಲ ಪ್ರಶ್ನೆ ಬೇರೆ. ಅದು ಫೋಮಿನಲ್ಲೇ ಇರುತ್ತದಾ, ಹೊರಗೆ ಬರುತ್ತದಾ?

ಸರ್ಕ್ಯೂಟ್ ಬೋರ್ಡ್‌ಗಳಲ್ಲಿರುವ ಟಿಬಿಬಿಪಿಎ ಅನ್ನುವ ಫ್ಲೇಮ್ ರಿಟಾರ್ಡೆಂಟ್ ಹೆಚ್ಚಾಗಿ ಪ್ಲಾಸ್ಟಿಕ್ ಜತೆ ಬೆಸೆದುಕೊಂಡಿರುತ್ತದೆ. ಅದು ಹೊರಬರುವುದು ಕಡಿಮೆ. ಪಿಬಿಡಿಇ ಅನ್ನುವ, ಬ್ರೋಮಿನ್ ಇರುವ ಇನ್ನೊಂದು ಗುಂಪಿನವು ಹಾಗಲ್ಲ, ಸುಮ್ನೆ ಬೆರೆತಿರುತ್ತವೆ. ವರ್ಷಗಟ್ಟಲೆ ಮೆಲ್ಲಗೆ ಹೊರಬಂದು ಮನೆಯ ಧೂಳಿಗೆ ಸೇರುತ್ತವೆ. ಇವುಗಳಲ್ಲಿ ಪೆಂಟಾ ಮತ್ತು ಆಕ್ಟಾ ಅನ್ನುವ ಮಿಶ್ರಣಗಳ ಮುಖ್ಯ ಅಂಶಗಳನ್ನು 2009ರಲ್ಲಿ, ಡೆಕಾ ಅನ್ನುವುದನ್ನು 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ರಾಸಾಯನಿಕಗಳ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ) ನಿಷೇಧ ಪಟ್ಟಿಗೆ ಸೇರಿಸಿದರು. ಆದರೆ ಆಗಲೇ ಮನೆ ಸೇರಿದ್ದ ಪೀಠೋಪಕರಣ ಎಲ್ಲಿಗೆ ಹೋಗುತ್ತದೆ? ಅದಕ್ಕೇ ಈಗಲೂ ಧೂಳು ಅಳೆಯುತ್ತೇವೆ.

ಧೂಳು ತೆಗೆಯುವುದು ಕೇಳಲು ಸುಲಭ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸಣ್ಣ ನೈಲಾನ್ ಚೀಲ ಸಿಕ್ಕಿಸಿ, ಸೋಫಾ ಸುತ್ತಮುತ್ತಲಿನ ನೆಲ ಎಳೆಯುತ್ತೇವೆ. ಜರಡಿ ಹಿಡಿದು ನುಣ್ಣನೆಯ ಧೂಳು ಮಾತ್ರ ಇಟ್ಟುಕೊಳ್ಳುತ್ತೇವೆ, ಏಕೆಂದರೆ ಕೈಗೆ ಅಂಟುವುದು ಅದೇ. ಬೆಳಕು ಬಿದ್ದರೆ ಡೆಕಾ ಒಡೆಯುತ್ತದೆ. ಹಾಗಾಗಿ ಕಂದು ಬಣ್ಣದ ಬಾಟಲಿ ಬೇಕು. ನಾನು ಜಾಸ್ತಿ ಗಮನ ಕೊಡುವುದು ಬ್ಲ್ಯಾಂಕ್ ಕಡೆಗೆ, ಅಂದರೆ ಧೂಳೇ ಇಲ್ಲದ ಹೋಲಿಕೆ ಮಾದರಿಯ ಕಡೆಗೆ. ಶುದ್ಧ ಸೋಡಿಯಂ ಸಲ್ಫೇಟ್ ಪುಡಿಯನ್ನು ಅದೇ ಕ್ಲೀನರಿನಿಂದ ಎಳೆದು, ಅಸಲಿ ಧೂಳಿಗೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡುತ್ತೇನೆ. ಲ್ಯಾಬಿನ ಕುರ್ಚಿ, ಕಂಪ್ಯೂಟರ್‌ಗಳಲ್ಲೂ ಇದೇ ರಾಸಾಯನಿಕ ಇರಬಹುದಲ್ವಾ? ಬ್ಲ್ಯಾಂಕ್ ಇಲ್ಲದ ಧೂಳಿನ ಅಂಕಿಯನ್ನು ನಾನು ನಂಬುವುದಿಲ್ಲ.

ಇನ್ನು ಲೆಕ್ಕ. ಪಿಬಿಡಿಇಗಳಲ್ಲಿ ಒಂದಾದ ಬಿಡಿಇ-99 ಅನ್ನೇ ತೆಗೆದುಕೊಳ್ಳಿ. ಒಂದು ಗ್ರಾಂ ಧೂಳಿನಲ್ಲಿ 1000 ನ್ಯಾನೋಗ್ರಾಂ ಇದೆ ಅಂತಿಟ್ಟುಕೊಳ್ಳೋಣ. ನೆಲದ ಮೇಲೆ ಆಡಿ ಬೆರಳು ಚೀಪುವ ಮಗುವಿನ ಹೊಟ್ಟೆಗೆ ದಿನಕ್ಕೆ 60 ಮಿಲಿಗ್ರಾಂ ಧೂಳು ಹೋಗುತ್ತದೆ ಅಂತ ಹಿಡಿದರೆ, ಅದರಲ್ಲಿ ಬಿಡಿಇ-99 ಇರುವುದು 60 ನ್ಯಾನೋಗ್ರಾಂ. ಮಗುವಿನ ತೂಕ 12 ಕಿಲೋ. ಅಂದರೆ ಕಿಲೋಗೆ ದಿನಕ್ಕೆ 5 ನ್ಯಾನೋಗ್ರಾಂ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಇದಕ್ಕೆ ಹಾಕಿದ ಮಿತಿ ಕಿಲೋಗೆ ದಿನಕ್ಕೆ 100 ನ್ಯಾನೋಗ್ರಾಂ. ಇಲಿಮರಿಗಳ ಮೇಲಿನ ಪ್ರಯೋಗದಿಂದ ಸಿಕ್ಕ ಡೋಸನ್ನು, ಸುರಕ್ಷತೆಗಾಗಿ, 3000ದಿಂದ ಭಾಗಿಸಿ ಬಂದ ಅಂಕಿ ಅದು. ನಮ್ಮ ಮಗುವಿಗೆ ಹೋಗುತ್ತಿರುವುದು ಅದರ ಇಪ್ಪತ್ತನೇ ಒಂದು ಭಾಗ. ಇಷ್ಟಕ್ಕೇ ನಿಂತರೆ ಚಿಂತೆಯಿಲ್ಲ ಅಂತ ಬರೆದು ಫೈಲ್ ಮುಚ್ಚಬಹುದು.

ನಾನು ಮುಚ್ಚುವುದಿಲ್ಲ. ಇಲಿಯ ದೇಹದಿಂದ ಇದು ಬೇಗ ಹೊರಹೋಗುತ್ತದೆ. ಮನುಷ್ಯರಲ್ಲಿ ಕೊಬ್ಬಿಗೆ ಸೇರಿ ಕೂರುತ್ತದೆ. ಅರ್ಧ ಕರಗಲು ಸುಮಾರು 4 ವರ್ಷ ಬೇಕು. ಸೋರುವ ಬಿಂದಿಗೆಗೆ ದಿನಾ ಒಂದು ಲೋಟ ನೀರು ಹಾಕಿದ ಹಾಗೆ. ತೂತು ಎಷ್ಟು ಚಿಕ್ಕದು ಅನ್ನುವುದರ ಮೇಲೆ ನೀರು ಎಲ್ಲಿಗೆ ಏರುತ್ತದೆ ಅನ್ನುವುದು ನಿಂತಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಈ ದಾರಿ ಹಿಡಿಯಿತು. ಇಲಿಗೆ ತೊಂದರೆ ಶುರುವಾಗುವ ಡೋಸ್ ಕಿಲೋಗೆ 12 ಮೈಕ್ರೋಗ್ರಾಂ (12,000 ನ್ಯಾನೋಗ್ರಾಂ) ಅಂತ ತೆಗೆದುಕೊಂಡರು. ಅದರಲ್ಲಿ ಮುಕ್ಕಾಲು ಪಾಲು ಮೈಗೆ ಹತ್ತಿದರೆ 9 ಮೈಕ್ರೋಗ್ರಾಂ. ಮನುಷ್ಯರ ದೇಹದಲ್ಲಿ ಅಷ್ಟೇ ಕೂಡಿಕೊಳ್ಳಲು ದಿನಕ್ಕೆ ಎಷ್ಟು ಬೇಕು? ಕಿಲೋಗೆ ಸುಮಾರು 4 ನ್ಯಾನೋಗ್ರಾಂ ಸಾಕು. ಮಗುವಿನ 5 ಆಗಲೇ ಅದನ್ನು ದಾಟಿದೆ.

ಅದೇ ಧೂಳು, ಅದೇ ಮಗು. ಒಂದು ಲೆಕ್ಕದಲ್ಲಿ ನಿರಾಳ, ಇನ್ನೊಂದರಲ್ಲಿ ಆತಂಕ. ಚಿಕ್ಕ ಮಗುವಿನ ಮೈಯಲ್ಲಿ ಇನ್ನೂ ಅಷ್ಟು ಕೂಡಿರುವುದಿಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಮಾತು ನಿಜ. ಆದರೆ ಮಗುವಿಗೆ ಮೊದಲ ಕಂತು ಬರುವುದು ತಾಯಿಯ ಮೈಯಿಂದ. ಸ್ವೀಡನ್‌ನಲ್ಲಿ 1972ರಿಂದ 1997ರವರೆಗೆ ಎದೆಹಾಲಿನಲ್ಲಿ ಪಿಬಿಡಿಇ ಪ್ರಮಾಣ ಸುಮಾರು 5 ವರ್ಷಕ್ಕೊಮ್ಮೆ ಇಮ್ಮಡಿಯಾಗಿತ್ತು. ಇವತ್ತಿನ ಹುಡುಗಿ ಮುಂದೆ ತಾಯಿಯಾಗುವಾಗ ಅವಳ ಮೈಯಲ್ಲಿ ಎಷ್ಟು ಇರಬಹುದು ಅನ್ನುವುದೂ ಈ ಲೆಕ್ಕಕ್ಕೆ ಸೇರಬೇಕು ಅಂತ ನಾನು ವಾದಿಸುತ್ತೇನೆ.

ಅದಕ್ಕೇ ನನ್ನ ವರದಿಯಲ್ಲಿ ಎರಡೂ ಅಂಕಿ ಅಕ್ಕಪಕ್ಕ ಇರುತ್ತವೆ. ಯಾವುದು ಯಾವ ಊಹೆಯ ಮೇಲೆ ನಿಂತಿದೆ ಅಂತ ಕೆಳಗೇ ಬರೆಯುತ್ತೇನೆ. ಯುರೋಪಿನವರು 2024ರಲ್ಲಿ ಮತ್ತೆ ಕೂತು, ಡೋಸ್‌ಗಳನ್ನೂ ಬದಲಿಸಿ, ಒಂದೊಂದೇ ನೋಡುವ ಬದಲು ಪಿಬಿಡಿಇಗಳನ್ನು ಒಟ್ಟು ಸೇರಿಸಿ ತೂಗಿದರು. ಅದು ಸರಿ ಅಂತ ನನ್ನ ಅಭಿಪ್ರಾಯ, ಏಕೆಂದರೆ ಮಗು ಚೀಪುವ ಬೆರಳಲ್ಲಿ ಒಂದೇ ರಾಸಾಯನಿಕ ಇರುವುದಿಲ್ಲ.

ಪಿಬಿಡಿಇ ಜಾಗಕ್ಕೆ ಬಂದ ಟಿಡಿಸಿಪಿಪಿಯಂಥ ಫಾಸ್ಫೇಟ್ ಫ್ಲೇಮ್ ರಿಟಾರ್ಡೆಂಟ್‌ಗಳಿಗೆ ಈ ಬಿಂದಿಗೆ ಲೆಕ್ಕ ಹೊಂದುವುದಿಲ್ಲ. ಅವು ಬೇಗನೆ ಮೂತ್ರದಲ್ಲಿ ಹೋಗಿಬಿಡುತ್ತವೆ. ಹಾಗಂತ ಅಪಾಯ ಇಲ್ಲ ಅಂತಲ್ಲ, ದಿನಾ ಹೊಸದಾಗಿ ಬರುತ್ತಲೇ ಇರುತ್ತದೆ. ಬೆಳಗಿನ ಮೂತ್ರಕ್ಕೂ ಸಂಜೆಯದಕ್ಕೂ ತುಂಬಾ ವ್ಯತ್ಯಾಸ ಬರಬಹುದು. ಅಲ್ಲಿ ಒಂದೇ ಮಾದರಿ ತೆಗೆದು ತೀರ್ಮಾನ ಬರೆಯಲು ಆಗುವುದಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಮಾದರಿ ತೆಗೆಯುತ್ತೇನೆ, ಜತೆಗೆ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಕೈ ಒರೆಸಿ ಅದನ್ನೂ ಲ್ಯಾಬಿಗೆ ಕಳಿಸುತ್ತೇನೆ.