ಪುಣೆಗೆ ಹೊಸದಾಗಿ ಬಂದವರಿಗೆ: ಮನೆ ಕ್ಲೀನಿಂಗಿಗೆ ನಂಬಿಕಸ್ಥರನ್ನ ಹುಡುಕೋದು ಹೇಗೆ

ವಾಕಡ್, ಹಿಂಜವಡಿ, ಬಾಣೇರ್, ಖರಾಡಿ ಕಡೆ ಬಂದು ಮನೆ ಮಾಡೋ ನಮ್ಮವರು ಮೊದಲನೇ ವಾರಾನೇ ಕೇಳೋದು, ಕ್ಲೀನಿಂಗಿಗೆ ಯಾವ ಕಂಪನಿ ಒಳ್ಳೇದು ಅಂತ. ಕಂಪನಿ ವಿಚಾರ ಆಮೇಲೆ ನೋಡೋಣ, ಯಾಕಂದ್ರೆ ಇಲ್ಲಿ ದಿನಾ ಮನೆ ನೋಡ್ಕೊಳ್ಳೋದು ಮಾವಶಿ, ಅಂದ್ರೆ ಮನೆಗೆಲಸದಾಕೆ, ಕಂಪನಿ ಬೇಕಾಗೋದು ಮನೆ ಸೇರೋವಾಗ ಅಥವಾ ದೀಪಾವಳಿ ಮುಂಚೆ ಒಂದ್ಸಲ ಡೀಪ್ ಕ್ಲೀನಿಂಗಿಗೆ, ಅಷ್ಟೇ.

ಮಾವಶಿ ಹುಡುಕೋಕೆ ಸೊಸೈಟಿ ಗೇಟ್ ದಾಟಿ ಹೊರಗೆ ಹೋಗಬೇಡಿ. ನಿಮ್ಮ ಬಿಲ್ಡಿಂಗಲ್ಲೇ ನಾಲ್ಕೈದು ಮನೆ ಹಿಡಿದಿರೋರು ಸಿಕ್ಕೇ ಸಿಗ್ತಾರೆ, ವಾಚ್‌ಮನ್‌ಗೆ ಹೇಳಿಟ್ರೆ ಅವತ್ತೇ ಸಂಜೆ ಯಾರಾದ್ರೂ ಬಂದು ಬೆಲ್ ಮಾಡ್ತಾರೆ. ಗೇಟಲ್ಲಿ ಬಂದುಹೋಗೋರ ಲೆಕ್ಕ ಇಡೋ ಮೈಗೇಟ್ ಆ್ಯಪ್ ಇರೋ ಸೊಸೈಟಿ ಆದ್ರೆ ಅದರಲ್ಲಿ ಡೈಲಿ ಹೆಲ್ಪ್ ಪಟ್ಟಿ ತೆಗೆದು ಯಾರು ಯಾವ ಫ್ಲ್ಯಾಟಿಗೆ ಹೋಗ್ತಾರೆ ನೋಡಿ, ಅಲ್ಲಿರೋ ಸ್ಟಾರ್ ನೋಡಿ ಸುಮ್ಮನಾಗಬೇಡಿ, ಆ ಫ್ಲ್ಯಾಟಿನವರ ಬಾಗಿಲು ತಟ್ಟಿ ಮಾತಾಡಿ. ಒಳ್ಳೆಯವರಾ ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ಎಷ್ಟು ವರ್ಷದಿಂದ ಬರ್ತಿದಾರೆ, ರಜೆ ಹಾಕೋವಾಗ ಮುಂಚೆ ಫೋನ್ ಮಾಡ್ತಾರಾ, ನೀವು ಊರಿಗೆ ಹೋದಾಗ ಕೀಲಿ ಅವರ ಹತ್ರ ಬಿಟ್ಟು ಹೋಗಿದೀರಾ, ಇಷ್ಟು ಕೇಳಿ. ಮೂರನೇದಕ್ಕೆ ಬರೋ ಉತ್ತರದಲ್ಲೇ ಎಲ್ಲ ಗೊತ್ತಾಗುತ್ತೆ.

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಪುಣೆಯಲ್ಲೇ ನೆಲೆ ನಿಂತ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಬಹಳ ಇದಾರೆ, ಕನ್ನಡದವರು ಯಾರಾದ್ರೂ ಇದಾರಾ ಅಂತ ಖಂಡಿತ ವಿಚಾರಿಸಿ, ಮನೇಲಿ ಮರಾಠಿ ಹಿಂದಿ ಬರದ ಅತ್ತೆನೋ ಅಮ್ಮನೋ ಇದ್ರೆ ಅವರಿಗೆ ದೊಡ್ಡ ಆಸರೆ. ಆದ್ರೂ ನಮ್ಮ ಭಾಷೆಯವರು ಅಂತ ವಿಚಾರಣೆ ಬಿಡಬೇಡಿ.

ಇನ್ನು ಪಗಾರದ ಮಾತು. ಇಲ್ಲಿ ಲೆಕ್ಕ ಕೆಲಸಕ್ಕೊಂದೊಂದು. ಕೇರ್-ಫರಶಿ ಅಂದ್ರೆ ಗುಡಿಸಿ ಒರೆಸೋದು, ಅದಕ್ಕೊಂದು ರೇಟು, ಭಾಂಡಿಗೆ ಅಂದ್ರೆ ಪಾತ್ರೆಗೆ ಇನ್ನೊಂದು, ಅದೂ ಮನೇಲಿ ಎಷ್ಟು ಜನ, ಒಂದು ಹೊತ್ತಾ ಎರಡು ಹೊತ್ತಾ ಅನ್ನೋದರ ಮೇಲೆ, ಡಸ್ಟಿಂಗ್ ಬೇರೆ, ಬಾತ್‌ರೂಮ್ ಸಾಮಾನ್ಯವಾಗಿ ಇದರಲ್ಲಿ ಬರೋದೇ ಇಲ್ಲ. ರೇಟು ಏರಿಯಾದಿಂದ ಏರಿಯಾಗೆ ಬದಲಾಗುತ್ತೆ, ನಿಮ್ಮ ಫ್ಲೋರಲ್ಲಿ ಕೊಡೋದನ್ನ ಕೇಳಿಕೊಂಡು ಅದನ್ನೇ ಕೊಡಿ. ಬಾಲ್ಕನಿ ಒರೆಸೋದು ದಿನಾನಾ ವಾರಕ್ಕೊಮ್ಮೆನಾ, ಸೋಫಾ ಸರಿಸಿ ಕೆಳಗೆ ಗುಡಿಸ್ತಾರಾ, ಗೆಸ್ಟ್ ಬಂದಾಗ ಹೆಚ್ಚು ಪಾತ್ರೆ ಬಿದ್ರೆ ಏನು, ಮೊದಲ ದಿನಾನೇ ಮನೆಯೆಲ್ಲ ಜೊತೆಗೆ ಓಡಾಡಿ ತೋರಿಸಿ ಮಾತಾಡಿ. ತಿಂಗಳಿಗೆ ಎಷ್ಟು ಖಾಡೆ ಅಂದ್ರೆ ರಜೆ, ಅದನ್ನೂ ಆಗಲೇ ಹೇಳ್ಕೊಳ್ಳಿ. ದೀಪಾವಳಿಗೆ ಒಂದು ತಿಂಗಳ ಪಗಾರ ಬೋನಸ್ ಕೊಡೋದು ಇಲ್ಲಿ ರೂಢಿ, ಅದನ್ನ ತಪ್ಪಿಸಬೇಡಿ. ಜ್ವರ ಬಂದು ಒಂದು ದಿನ ಜಾಸ್ತಿ ಖಾಡೆ ಆಯ್ತು ಅಂತ ದುಡ್ಡು ಹಿಡಿಯೋದು ನನಗಂತೂ ಸರಿ ಕಾಣಲ್ಲ, ಆಫೀಸಲ್ಲಿ ನಮಗೆ ಸಿಕ್ ಲೀವ್ ಇರುತ್ತಲ್ವಾ.

ಮಾವಶಿಯರು ಇದನ್ನೆಲ್ಲ ಗಟ್ಟಿಯಾಗಿ ಕೇಳ್ತಾರೆ ಅಂತ ಬೇಜಾರಾಗಬೇಡಿ. ಪುಣೆಯ ಮೋಲಕರಣಿಯರು ಅಂದ್ರೆ ಮನೆಗೆಲಸದ ಹೆಂಗಸರು 1980ರಲ್ಲೇ ಮುಷ್ಕರ ಮಾಡಿ ತಮ್ಮದೇ ಸಂಘಟನೆ ಕಟ್ಟಿದವರು, ಮನೆಗೆಲಸದವರ ಕಲ್ಯಾಣ ಮಂಡಳಿಗೆ ಮಹಾರಾಷ್ಟ್ರದಲ್ಲಿ 2008ರಲ್ಲೇ ಕಾನೂನು ಬಂದಿದೆ. ಮಂಡಳಿ ನೋಂದಣಿಗೆ ನಿಮ್ಮ ಮನೇಲಿ ಕೆಲಸ ಮಾಡ್ತಿರೋ ಬಗ್ಗೆ ಚೀಟಿ ಕೇಳಿದ್ರೆ ಹಿಂದೆಮುಂದೆ ನೋಡದೆ ಬರೆದುಕೊಡಿ. ತಾಯಿ ಬದಲು ಚಿಕ್ಕ ಹುಡುಗಿ ಕೆಲಸಕ್ಕೆ ಬಂದ್ರೆ ಮಾತ್ರ ಒಪ್ಪಲೇಬೇಡಿ, ಮನೆಗೆಲಸಕ್ಕೆ 14ರ ಒಳಗಿನ ಮಕ್ಕಳನ್ನ ಇಟ್ಕೊಳ್ಳೋದು 2006ರಿಂದಲೇ ನಿಷೇಧ.

ಆಧಾರ್ ಕಾಪಿ, ಫೋಟೋ, ಈಗಿರೋ ವಿಳಾಸ ತಗೊಂಡು ಪೊಲೀಸ್ ಠಾಣೆಗೆ ಮಾಹಿತಿ ಕೊಡಿ, ಮಾವಶಿಗೆ ಮುಂಚೆನೇ ಹೇಳಿ, ಎಲ್ಲರಿಗೂ ಮಾಡೋದೇ ಇದು ಅಂತ. ಒಂದು ನೆನಪಿರಲಿ, ವಾಕಡ್, ಹಿಂಜವಡಿ ಬರೋದು ಪುಣೆ ಪೊಲೀಸ್ ಕೆಳಗಲ್ಲ, 2018ರಲ್ಲಿ ಶುರುವಾದ ಪಿಂಪ್ರಿ-ಚಿಂಚವಾಡ್ ಕಮಿಷನರೇಟ್ ಕೆಳಗೆ. ಒಡವೆ, ಕ್ಯಾಶ್ ಬೀಗದೊಳಗೆ ಇಡೋದು ನಿಮ್ಮ ಜವಾಬ್ದಾರಿ. ಏನಾದ್ರೂ ಕಾಣೆಯಾದ್ರೆ ಮೊದಲು ಪೂರ್ತಿ ಹುಡುಕಿ, ಬಾಯಿಂದ ಒಂದು ಆರೋಪ ಬಂದ್ರೆ ಆ ಹೆಂಗಸಿಗೆ ಇಡೀ ಬಿಲ್ಡಿಂಗಿನ ಕೆಲಸ ಹೋಗುತ್ತೆ.

ಡೀಪ್ ಕ್ಲೀನಿಂಗಿಗೆ ಆ್ಯಪ್ ಆಗಲಿ ಲೋಕಲ್ ಏಜೆನ್ಸಿ ಆಗಲಿ, 2ಬಿಎಚ್‌ಕೆಗೆ ಇಷ್ಟು ಅನ್ನೋ ಮಾತಿಗೆ ಹೂಂ ಅನ್ನಬೇಡಿ. ಎಷ್ಟು ಜನ, ಎಷ್ಟು ಗಂಟೆ, ಕಿಟಕಿ ಟ್ರ್ಯಾಕು, ಫ್ಯಾನು, ಕಪಾಟಿನ ಒಳಗೆ, ಚಿಮಣಿ ಇದೆಲ್ಲ ಸೇರಿದೆಯಾ, ಏಣಿ ಅವರೇ ತರ್ತಾರಾ, ಜಿಎಸ್‌ಟಿ ಸೇರಿ ಎಷ್ಟು, ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಬಂದ ದಿನ ಬಾಟಲಿಗಳನ್ನ ನೋಡಿ. ಟ್ಯಾಂಕರ್ ನೀರಿಂದ ನಲ್ಲಿ, ಟೈಲ್ಸ್ ಮೇಲೆ ಬಿಳಿ ಕಲೆ ಕೂತಿರುತ್ತೆ, ಅದನ್ನ ಬೇಗ ತೆಗೆಯೋಕೆ ಕೆಲವರು ಆ್ಯಸಿಡ್ ಸುರೀತಾರೆ, ಕಲೆ ಹೋಗುತ್ತೆ ನಿಜ, ಜೊತೆಗೆ ಮಾರ್ಬಲ್ಲಿನ ಹೊಳಪು, ಟೈಲ್ಸ್ ಸಂದಿಯ ಸಿಮೆಂಟು, ನಲ್ಲಿಯ ಕ್ರೋಮ್ ಎಲ್ಲ ಹಾಳಾಗುತ್ತೆ. ಆ್ಯಸಿಡ್ ಹಾಕಿದ ಮೇಲೆ ಬ್ಲೀಚ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಕೆಲಸ ಮಾಡೋರ ಜೀವಕ್ಕೇ ಅಪಾಯ. ಅದಕ್ಕೇ ಆ್ಯಸಿಡ್ ಬೇಡ ಅಂತ ಬುಕ್ ಮಾಡೋವಾಗಲೇ ಹೇಳಿ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ, ಲೈಟ್ ಹಾಕಿ ರೂಮು ರೂಮು ನೋಡಿ ಆಮೇಲೆ ಕೊಡಿ, ಬಿಲ್ ಇಟ್ಕೊಳ್ಳಿ, ಮಾತು ತಪ್ಪಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋವಾಗ ಆ ಬಿಲ್ಲು, ವಾಟ್ಸಾಪ್ ಮೆಸೇಜೇ ಕೆಲಸಕ್ಕೆ ಬರೋದು.